ಬರ್ತೀನಿ ಅಂದವರ ಆಟಗಳು

ರಾತ್ರಿ ಬಿದ್ದ ಕನಸನ್ನು ಬೆಳಿಗ್ಗೆ ಹೇಳಲು ಹೊರಟವರ ಗತಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಕೇಳುವವರು ಒಂದೆರಡು ನಿಮಿಷ ಮುಖ ಕೊಟ್ಟು ಕೂರುತ್ತಾರೆ, ಆಮೇಲೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದುಹೋಗುತ್ತಾರೆ. ತನ್ನಾಟ ಬಂದ ಮೇಲೆ ಆಟ ಮುಗಿಸಿದವರ ಗತಿಯೂ ಅದೇ ಆಯಿತು.

ತನ್ನಾಟ ಅಂದರೆ ಹೆಚ್ಚೇನಿಲ್ಲ. ಹಣೆಗೊಂದು ಪಟ್ಟಿ, ಕಣ್ಣಿಗೊಂದು ಕನ್ನಡಕ. ಪಟ್ಟಿ ನಿಮ್ಮ ನಾಡಿ ಹಿಡಿಯುತ್ತದೆ, ಬೆವರು ನೋಡುತ್ತದೆ, ಕನ್ನಡಕ ಕಣ್ಣಿನ ಪಾಪೆ ಯಾವಾಗ ಹಿಗ್ಗಿತು ಯಾವಾಗ ಕುಗ್ಗಿತು ಎಂದು ಗಮನಿಸುತ್ತದೆ. ನಿಮ್ಮ ಜೀವ ಯಾವುದರಲ್ಲಿದೆಯೋ ಅದನ್ನೇ ಎಳೆ ಮಾಡಿಕೊಂಡು ಯಂತ್ರ ಆಟ ಹೆಣೆಯುತ್ತ ಹೋಗುತ್ತದೆ. ಮೊದಲೇ ಬರೆದಿಟ್ಟ ಕಥೆಯಿಲ್ಲ, ಎರಡನೆಯವರಿಗೆ ಅದೇ ಆಟ ಸಿಗುವುದಿಲ್ಲ. ಮೂವತ್ತು ನಲವತ್ತು ದಿನ ಆಡಿ ಮುಗಿಸಿದ ಮೇಲೆ ಅದನ್ನು ಅಳಿಸಿಬಿಡುತ್ತಾರೆ. ಒಬ್ಬರ ಒಳಗಿನದೆಲ್ಲ ಅದರಲ್ಲಿರುವುದರಿಂದ ಉಳಿಸಿಕೊಳ್ಳಬಾರದೆಂದು ಕಾನೂನು.

ಜನ ಮರುಳಾಗದೆ ಇರುತ್ತಾರೆಯೇ? ಮರುಳಾದರು. ಆದರೆ ಒಂದು ವಿಷಯ ಯಾರಿಗೂ ಮೊದಲೇ ಹೊಳೆದಿರಲಿಲ್ಲ. ಹಿಂದೆಲ್ಲ ಊರಿಗೆ ಊರೇ ಒಂದೇ ಆಟ ಆಡುತ್ತಿತ್ತು. ಈ ಕಥೆಯ ಇಂದುಮತಿ ಹಾಸ್ಟೆಲ್ಲಿನಲ್ಲಿದ್ದಾಗ ಊಟದ ಮನೆಯಲ್ಲಿ ಹುಡುಗಿಯರು ತಟ್ಟೆ ಒಣಗುವವರೆಗೂ ಜಗಳವಾಡುತ್ತಿದ್ದರು: ಮೂರನೇ ಕೋಟೆಯ ಕಾವಲುಗಾರನಿಗೆ ಲಂಚ ಕೊಟ್ಟೆಯೋ, ಹೊಡೆದೆಯೋ? ಆ ನಾಯಿಮರಿಯನ್ನು ಬಿಟ್ಟು ಹೋಗಲು ನಿನಗೆ ಮನಸ್ಸಾದರೂ ಹೇಗೆ ಬಂತು? ಈಗ ಯಾರಾದರೂ ‘ನಿನ್ನೆ ಆಟ ಮುಗಿಸಿದೆ’ ಎಂದರೆ ಎದುರಿನವರು ‘ಹೌದಾ’ ಎನ್ನುತ್ತಾರೆ. ಹೇಳಲು ಶುರುಮಾಡಿದರೆ ‘ನನ್ನದರಲ್ಲಿ ಹಾಗಿರಲಿಲ್ಲ’ ಎನ್ನುತ್ತಾರೆ. ಮಾತು ಅಲ್ಲಿಗೆ ನಿಂತಿತು. ಮನೆಮನೆಯಲ್ಲೂ ಎಂಥೆಂಥ ಲೋಕಗಳು ಹುಟ್ಟಿ ಮುಗಿದವೋ, ಪಕ್ಕದ ಕೋಣೆಯವರಿಗೂ ಗೊತ್ತಾಗಲಿಲ್ಲ.

ಇಂದುಮತಿಗೆ ಮಾತ್ರ ಕೇಳುವವರು ಒಬ್ಬರಿದ್ದರು. ಅವರ ಹೆಸರು ಪಾಲಮ್ಮ. ಇವಳ ಬಾಯಲ್ಲಿ ಪಾಲಕ್ಕ.

ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಹೊರಟರೆ ಗಾಳಿಕಂಬಗಳ ಗುಡ್ಡವೊಂದು ಸಿಗುತ್ತದೆ. ಅದರ ಬುಡದಲ್ಲಿ ಕಿಟಕಿಗಳಿಲ್ಲದ ಉದ್ದನೆಯ ಕಟ್ಟಡ. ಕನ್ನಡದವರು ಆಡುವ ಆಟಗಳೆಲ್ಲ ಅಲ್ಲಿನ ಯಂತ್ರಗಳೊಳಗೆ ನಡೆಯುತ್ತವೆ. ಜನ ಅದನ್ನು ಉಗ್ರಾಣ ಎನ್ನುತ್ತಾರೆ. ಇಂದುಮತಿ ಅಲ್ಲಿ ನಿಯಂತ್ರಣ ಕೊಠಡಿಯ ಮೇಲ್ವಿಚಾರಕಿ. ವಯಸ್ಸು ಐವತ್ತಮೂರು, ಮದುವೆಯಾಗಿಲ್ಲ, ಊರೊಳಗೆ ಒಂದು ಮಹಡಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಆರು ವರ್ಷದ ಹಿಂದೆ ಒಂದು ದಿನ ದೂರು ಕೊಡಲು ಬಂದ ಹೆಂಗಸೊಬ್ಬರು ಕೌಂಟರಿನ ಹುಡುಗಿಯರನ್ನೆಲ್ಲ ಬದಿಗೆ ಸರಿಸಿ ನೇರವಾಗಿ ಒಳಗೇ ನುಗ್ಗಿದ್ದರು.

“ನನ್ನಾಟದಾಗೆ ಒಬ್ಬ ದೋಣಿಗೆ ಟಿಕೆಟ್ ಇಲ್ದೆ ಹತ್ತವ್ನೆ. ಎಲ್ಲಿ ಇಳೀತೀಯಪ್ಪ ಅಂದ್ರೆ ಬಾಯೇ ಬಿಡಲ್ಲ. ಅವನ್ನ ಇಳಿಸೋದು ಹೆಂಗೆ ಹೇಳ್ರಿ.”

ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು ಪಾಲಮ್ಮ. ನಿವೃತ್ತಿಯಾದ ಮೇಲೆ ಮೊಣಕಾಲು ಹಿಡಿದುಕೊಂಡಿತ್ತು. ಹೊತ್ತು ಹೋಗಲೆಂದು ತನ್ನಾಟ ಹಿಡಿದಿದ್ದರು. ಅವನನ್ನು ಇಳಿಸುವ ಅಧಿಕಾರ ತನಗಿಲ್ಲವೆಂದು ಇಂದುಮತಿ ನಗುತ್ತಲೇ ಹೇಳಿದಳು. ಆಮೇಲೆ ಸುಮ್ಮನಿರಲಾರದೆ, “ಅವನು ಯಾಕೆ ಮಾತಾಡಲ್ಲ ಅಂತೀರಿ?” ಎಂದು ಕೇಳಿದಳು. ಹಾಗೆ ಕೇಳಿದ್ದೇ ತಡ, ಪಾಲಮ್ಮ ಕುರ್ಚಿ ಎಳೆದುಕೊಂಡು ಕೂತರು. ಒಂದೂವರೆ ಗಂಟೆ ಏಳಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಳಲ್ಕೆರೆ ರಸ್ತೆಯ ಪಾಲಕ್ಕನ ಮನೆಯ ಮುಂದಿನ ಜಗಲಿ. ನಡುವೆ ಒಂದು ಮೊರದಷ್ಟು ಮಂಡಕ್ಕಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಆಟ ಮುಗಿಸಿದವರು ಕಂತುಕಂತಾಗಿ ಹೇಳಬೇಕು, ಇನ್ನೊಬ್ಬರು ಕೇಳಬೇಕು. ‘ನನ್ನದರಲ್ಲಿ ಹಾಗಿರಲಿಲ್ಲ’ ಎನ್ನಕೂಡದು. ಪಾಲಕ್ಕ ಹೇಳುವುದೂ ಚೆಂದ, ಕೇಳುವುದು ಅದಕ್ಕಿಂತ ಚೆಂದ. ಇಂದುಮತಿ ಮಾತು ಹಾರಿಸಿದರೆ ತಡೆದು ನಿಲ್ಲಿಸುತ್ತಿದ್ದರು. “ತಡಿ ತಡಿ. ಬಾವಿಯಿಂದ ಮೇಲಕ್ಕೆ ಬಂದೆ ಅಂದ್ಯಲ್ಲ, ಹಗ್ಗ ಯಾರು ಹಿಡ್ಕಂಡಿದ್ರು? ಆಗ ನೀನೇನ್ ಮಾಡ್ದೆ?” ಆ ಪ್ರಶ್ನೆ ಕೇಳುವವರು ಒಬ್ಬರಿದ್ದರೆ ಸಾಕು, ಮನುಷ್ಯ ಬದುಕಿಬಿಡುತ್ತಾನೆ ಎಂದು ಇಂದುಮತಿಗೆ ಅನ್ನಿಸುತ್ತಿತ್ತು.

ಪಾಲಕ್ಕನ ಗಂಡ ಬೋರಯ್ಯ ಒಳಗೆ ಟಿವಿ ನೋಡುತ್ತಿರುತ್ತಿದ್ದರು. ಇವರ ನಗು ಜೋರಾದರೆ ಅವರು ಟಿವಿಯ ದನಿ ಏರಿಸುತ್ತಿದ್ದರು. ಕೆಟ್ಟವರಲ್ಲ. ಹೆಂಡತಿಯ ಆಟದ ಕಥೆ ಅವರಿಗೆ ಬೇಕಿರಲಿಲ್ಲ, ಅಷ್ಟೇ.

ಹದಿನಾಲ್ಕು ತಿಂಗಳ ಹಿಂದೆ ಒಂದು ಶನಿವಾರ ಸಂಜೆ ಪಾಲಕ್ಕ ಫೋನು ಮಾಡಿದರು. “ಮುಗಿಸ್ದೆ ಕಣೇ ಇಂದು! ಇಷ್ಟು ವರ್ಷ ಆಡಿದ್ದೆಲ್ಲ ಒಂದು ತೂಕ, ಇದೇ ಒಂದು ತೂಕ. ಊಹ್ಞೂಂ, ಫೋನಾಗೆ ಹೇಳಾಂಗಿಲ್ಲ. ನಾಳೆ ಬಾ.”

ಮರುದಿನ ಹನ್ನೊಂದಕ್ಕೆ ಇಂದುಮತಿ ಹೋದಾಗ ಮನೆಯ ಮುಂದೆ ಜನ ಸೇರಿದ್ದರು. ಬೆಳಗಿನ ಜಾವ ಎದೆನೋವು ಬಂದದ್ದು, ಆಸ್ಪತ್ರೆಯವರೆಗೂ ಬಿಡಲಿಲ್ಲವಂತೆ. ಯಾರೋ ಅವಳಿಗೆ ಕೂರಲು ಜಾಗ ಮಾಡಿಕೊಟ್ಟರು. ಅವಳು ಕೂತಳು. ಅಳುವುದರ ನಡುವೆ, ನಾಚಿಕೆಯಿಲ್ಲದ ಒಂದು ಪ್ರಶ್ನೆ ಅವಳ ತಲೆಯಲ್ಲಿ ಸುತ್ತುತ್ತಿತ್ತು: ಪಾಲಕ್ಕ ಆ ಆಟದಲ್ಲಿ ಏನು ನೋಡಿದರು?

ಹದಿನಾಲ್ಕು ತಿಂಗಳಾದರೂ ಆ ಪ್ರಶ್ನೆ ಅವಳನ್ನು ಬಿಟ್ಟಿರಲಿಲ್ಲ. ಈ ನಡುವೆ ಅವಳು ಒಂಬತ್ತು ಆಟ ಮುಗಿಸಿದ್ದಳು. ಒಂದನ್ನೂ ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದ ತಂಗಿಯೆದುರು ಒಮ್ಮೆ ಬಾಯಿ ತೆರೆದಿದ್ದಳು. ತಂಗಿ ಐದು ನಿಮಿಷ ಕೇಳಿ, “ಅಕ್ಕ, ನೀನೊಂದು ಬೆಕ್ಕಾದ್ರೂ ಸಾಕು” ಎಂದಿದ್ದಳು.

ಇದೆಲ್ಲ ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ದೇಶದ ಬೇರೆ ಉಗ್ರಾಣಗಳಿಗಿಂತ ನಿಮ್ಮಲ್ಲಿ ಮುಚ್ಚದೆ ಉಳಿದ ಆಟಗಳು ಮೂರುಪಟ್ಟು ಹೆಚ್ಚಿವೆ, ಯಂತ್ರಗಳು ಸುಮ್ಮನೆ ಕರೆಂಟು ತಿನ್ನುತ್ತಿವೆ, ನಿಮ್ಮ ಕಡೆಯ ಜನ ಆಟ ಮುಗಿಸುವುದೇ ಇಲ್ಲವೇ ಎಂಬುದು ಪತ್ರದ ಧಾಟಿ.

ಇಂದುಮತಿ ಮತ್ತು ಅವಳ ಕೈಕೆಳಗಿನ ಎಂಜಿನಿಯರ್ ಜಬೀನಾ ಎರಡು ದಿನ ಪರದೆಯ ಮುಂದೆ ಕೂತು ನೋಡಿದರು. ವಿಚಿತ್ರವೆಂದರೆ, ಆ ಆಟಗಳ ಕಥೆಯೆಲ್ಲ ಮುಗಿದಿತ್ತು. ಕೊನೆಯ ಬಾಗಿಲು ದಾಟಿ, ಗೆದ್ದು, ಎಲ್ಲ ಆಗಿತ್ತು. ಆದರೂ ಬೀಗ ಬಿದ್ದಿರಲಿಲ್ಲ.

ಬೀಗವೆಂದರೆ ಆಟದ ಹೊರಗಿನ ಒಂದು ಪುಟ್ಟ ವ್ಯವಸ್ಥೆ. ಆಡುವವರು ಏಳುವಾಗ ಹೇಳುವ ಕೊನೆಯ ಮಾತನ್ನು ಅದು ಕೇಳುತ್ತದೆ. ‘ಮುಗೀತು’, ‘ಸಾಕು’, ‘ನಿಲ್ಲಿಸು’, ‘ಹೋಗ್ತೀನಿ’ ಅಂದರೆ ಆಟವನ್ನು ಮುಚ್ಚಿ ಅಳಿಸುತ್ತದೆ. ಮತ್ತೆ ಬರುವುದಾಗಿ ಹೇಳಿದರೆ ಮಾತ್ರ ಮುಟ್ಟುವುದಿಲ್ಲ, ಎಷ್ಟು ದಿನವಾದರೂ ಕಾಯುತ್ತದೆ. ಹಿಂದೊಮ್ಮೆ ಯಾರದೋ ಅರ್ಧ ಆಡಿದ ಆಟ ಅಳಿಸಿಹೋಗಿ ದೊಡ್ಡ ರಾದ್ಧಾಂತವಾಗಿದ್ದರಿಂದ ಹಾಗೆ ಮಾಡಿದ್ದರು. ಅದೇ ಪಟ್ಟಿ ಹಾಕಿಕೊಂಡು ಹೊಸ ಆಟ ಶುರುಮಾಡಿದರೆ ಹಳೆಯದು ತಾನಾಗಿ ಮುಚ್ಚಿಕೊಳ್ಳುತ್ತದೆ.

“ಬೀಗ ಸರಿಯಾಗೇ ಇದೆ ಮೇಡಂ, ಮೂರು ಸಲ ನೋಡ್ದೆ” ಎಂದಳು ಜಬೀನಾ. ಸಂಜೆ ಐದಾಗಿತ್ತು. ಅವಳು ಚೀಲ ಹೆಗಲಿಗೇರಿಸಿದಳು. “ನಾಳೆ ನೋಡಣ. ಬಸ್ಸು ಬರೋ ಹೊತ್ತಾಯ್ತು. ಬರ್ತೀನಿ.”

“ಹೂಂ, ಬಾ” ಎಂದಳು ಇಂದುಮತಿ ಪರದೆಯಿಂದ ಕಣ್ಣು ತೆಗೆಯದೆ.

ಬಾಗಿಲು ಹಾಕಿಕೊಂಡ ಸದ್ದಾಯಿತು. ಇಂದುಮತಿ ತಟ್ಟನೆ ತಲೆಯೆತ್ತಿದಳು. ಹುಡುಗಿ ಹೋಗುತ್ತಿದ್ದಾಳೆ. ‘ಬರ್ತೀನಿ’ ಅಂದಳು. ನಾನು ‘ಬಾ’ ಅಂದೆ.

ಆಟಗಳ ಕೊನೆಯ ಮಾತುಗಳನ್ನು ಮಾತ್ರ ಪರದೆಗೆ ತರಿಸಿದಳು. ಸಾಲಿಗೆ ಸಾಲು ಇಳಿಯತೊಡಗಿತು. ಬರ್ತೀನಿ. ಬರ್ತೀನಪ್ಪ. ಸರಿ, ಬರ್ಲಾ? ಹೋಗ್ಬರ್ತೀನಿ ತಾಯಿ. ಬರ್ತೀವಿ ಕಣಣ್ಣ, ತುಂಬ ಚೆನ್ನಾಗಿತ್ತು. ಬರ್ತೀನಿ. ಬರ್ತೀನಿ.

ಅವಳಿಗೆ ನಗು ಬಂತು. ನಲವತ್ತು ದಿನ ಒಂದು ಲೋಕದಲ್ಲಿ ಇದ್ದು, ಅಲ್ಲಿನವರ ಕೈಯಲ್ಲಿ ನೀರು ಕುಡಿದು, ಏಳುವಾಗ ‘ಮುಗೀತು, ಹೋಗ್ತೀನಿ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬರುವ ಜನವೇ ನಾವು? ಅಕ್ಕಿ ತೀರಿದರೂ ತೀರಿತು ಎನ್ನದವರು, ದೀಪ ಆರಿಸುವುದಕ್ಕೂ ದೊಡ್ಡದು ಮಾಡು ಎನ್ನುವವರು. ಆಟದೊಳಗಿನ ಪಾತ್ರಗಳಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಬೀಗಕ್ಕೆ ಬರುತ್ತಿರಲಿಲ್ಲ. ದೂರದ ಯಾವುದೋ ಊರಿನವರು ಬರೆದ ಹನ್ನೆರಡು ಶಬ್ದಗಳ ಪಟ್ಟಿಯನ್ನು ಯಾರೋ ಹಾಗೇ ಕನ್ನಡಕ್ಕೆ ಇಳಿಸಿದ್ದರು. ಹೋಗುವವರು ಬರುತ್ತೇನೆ ಎಂದರೆ ಬೀಗ ಅದನ್ನು ನಂಬಿತ್ತು. ಇಂದುಮತಿ ಅಲ್ಲಿಯ ಕೆಲಸದವಳಾದ್ದರಿಂದ ಆಟ ಮುಗಿದಾಗ ಯಾವಾಗಲೂ ‘ನಿಲ್ಲಿಸು’ ಎಂದೇ ಎದ್ದು ಬರುತ್ತಿದ್ದಳು, ಹಾಗಾಗಿ ಇಷ್ಟು ವರ್ಷ ತಿಳಿದಿರಲಿಲ್ಲ.

ಹನ್ನೊಂದು ಸಾವಿರ ಚಿಲ್ಲರೆ ಆಟಗಳು. ಮತ್ತೊಂದು ಆಟ ಶುರುಮಾಡಿದವರದು ಮುಚ್ಚಿಹೋಗಿರುತ್ತದೆ. ಉಳಿದಿರುವುದು ಆಮೇಲೆ ಆಡದೇ ಇದ್ದವರದು. ಬೇಸರವಾಗಿ ಬಿಟ್ಟವರು, ಹಾಸಿಗೆ ಹಿಡಿದವರು, ಇಲ್ಲವಾದವರು.

ಇಲ್ಲವಾದವರು ಎಂಬಲ್ಲಿಗೆ ಬರುವಷ್ಟರಲ್ಲಿ ಅವಳ ಕೈ ತಾನಾಗಿ ಒಂದು ಸಂಖ್ಯೆ ಒತ್ತಿತ್ತು. ಪಾಲಕ್ಕನ ಪಟ್ಟಿಯನ್ನು ಮೊದಲ ಬಾರಿ ಸರಿಮಾಡಿಕೊಟ್ಟವಳು ಅವಳೇ, ಅದರ ಸಂಖ್ಯೆ ಬಾಯಿಪಾಠವಾಗಿತ್ತು. ಪರದೆಯ ಮೇಲೆ ಒಂದೇ ಸಾಲು ಬಂತು. ಕಥೆ ಮುಗಿದಿದೆ, ಆಟ ತೆರೆದಿದೆ. ಕೊನೆಯ ಮಾತು: “ಬರ್ತೀನಿ ಕಣಜ್ಜಿ. ನಾಳೆ ಇಂದು ಬರ್ತಾಳೆ, ಅವಳಿಗೆ ಹೇಳ್ಬೇಕು.”

ಇಂದುಮತಿ ಆ ಸಾಲನ್ನು ಮತ್ತೆ ಮತ್ತೆ ಓದಿದಳು.

ಮರುದಿನ ಮೇಲಿನ ಕಚೇರಿಗೆ ವರದಿ ಕಳಿಸಲೇಬೇಕಾಯಿತು. ಅಲ್ಲಿನವರಿಗೆ ಖುಷಿಯೋ ಖುಷಿ. ಬೀಗದ ಪಟ್ಟಿಗೆ ಆ ಶಬ್ದ ಸೇರಿಸುತ್ತೇವೆ, ಶುಕ್ರವಾರ ಸಂಜೆ ನಾಲ್ಕಕ್ಕೆ ಜಾರಿಗೆ ಬರುತ್ತದೆ, ಹಳೆಯವೆಲ್ಲ ಒಟ್ಟಿಗೆ ಮುಚ್ಚಿಕೊಂಡು ಅಳಿಸಿಹೋಗುತ್ತವೆ, ನಿಮಗೆ ಅಭಿನಂದನೆ ಎಂದು ಬರೆದರು. ಅಂದು ಮಂಗಳವಾರ. ಪಾಲಕ್ಕನ ಆಟಕ್ಕೆ ಉಳಿದದ್ದು ಮೂರು ದಿನ, ಅದೂ ಇಂದುಮತಿಯದೇ ಜಾಣತನದ ಫಲ.

ಆ ಆಟದೊಳಗೆ ಹೋಗುವ ಬೀಗದ ಕೈ ಅವಳ ಹತ್ತಿರವೇ ಇತ್ತು. ಮಧ್ಯಾಹ್ನ ಜಬೀನಾ ಊಟಕ್ಕೆ ಹೋದಾಗ ಪರೀಕ್ಷೆಯ ಪಟ್ಟಿಯನ್ನು ಹಣೆಯವರೆಗೂ ತಂದಿದ್ದಳು. ತಡೆದದ್ದು ಕಾನೂನಿನ ಭಯವಲ್ಲ. ತೆರೆದ ಆಟದೊಳಗೆ ಇನ್ನೊಬ್ಬರು ಹೋಗುವುದು ಒಂದೇ ಸಲ ಸಾಧ್ಯ. ಹೊಸ ನಾಡಿ ಸಿಕ್ಕಿತೆಂದರೆ ಆಟ ಆ ಕಡೆಗೆ ವಾಲುತ್ತದೆ. ಮೊದಲ ಹತ್ತು ನಿಮಿಷ ಹಳಬರದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೊಸಬರದು, ಇಪ್ಪತ್ತು ನಿಮಿಷಕ್ಕೆ ಹಳಬರು ಅದರಲ್ಲಿ ಉಳಿದಿರುವುದೇ ಇಲ್ಲ. ಸತ್ತವರ ಮನೆಯವರಿಗೆ ಆ ಒಂದು ಸಲದ ಹಕ್ಕಿದೆ. ಬೋರಯ್ಯನವರಿಗೆ ತಿಳಿಸದೆ ತಾನು ಹೋದರೆ, ಅವರ ಪಾಲಿನ ಕೊನೆಯ ಹತ್ತು ನಿಮಿಷವನ್ನು ಕದ್ದ ಹಾಗೆ. ಪಟ್ಟಿಯನ್ನು ಕೆಳಗಿಟ್ಟಳು.

ಗುರುವಾರ ಬೆಳಿಗ್ಗೆ ರಜೆ ಹಾಕಿ ಹೊಳಲ್ಕೆರೆ ರಸ್ತೆಗೆ ಹೋದಳು. ಹದಿನಾಲ್ಕು ತಿಂಗಳಲ್ಲಿ ಆ ಕಡೆ ತಲೆ ಹಾಕಿರಲಿಲ್ಲ. ಬೋರಯ್ಯ ತುಂಬ ಇಳಿದುಹೋಗಿದ್ದರು. ಟಿವಿಯ ಮೇಲೆ ಒಂದು ಟವೆಲ್ ಹೊದಿಸಿತ್ತು.

“ಬರ್ರಿ ಇಂದಮ್ಮ. ಕೂಡ್ರಿ” ಎಂದರು. ಒಳಗೆ ಹೋಗಿ ತಾವೇ ಚಹಾ ಮಾಡಿ ತಂದರು. ಸಕ್ಕರೆ ವಿಪರೀತವಾಗಿತ್ತು.

ಅವಳು ಬಂದ ಕಾರಣ ಹೇಳಿದಳು. ನಾಳೆ ನಾಲ್ಕು ಗಂಟೆ, ಒಬ್ಬರೇ, ಒಂದೇ ಸಲ, ಹತ್ತು ನಿಮಿಷ. ಹಕ್ಕು ನಿಮ್ಮದು. ಹೇಳಿ ಅವರ ಮುಖವನ್ನೇ ನೋಡಿದಳು. ‘ನಾನೇ ಬರ್ತೀನಿ’ ಎಂದು ಅವರು ಅಂದುಬಿಟ್ಟರೆ?

ಬೋರಯ್ಯ ಲೋಟವನ್ನು ಕೆಳಗಿಟ್ಟರು.

“ಅದ್ರಾಗೆ ಅವಳೇ ಇರ್ತಾಳಾ?”

“ಇಲ್ಲ ಬೋರಣ್ಣ. ಅವರು ಆಡಿದ ಊರು ಇರುತ್ತೆ. ಅವರನ್ನ ನೋಡಿದೋರು ಯಾರಾದ್ರೂ ಇರಬಹುದು.”

“ನಾನೋದ್ರೆ ಎತ್ತ ನೋಡ್ಬೇಕು ಅನ್ನದ್ರಾಗೇ ಹತ್ತು ನಿಮಿಷ ಆಗೋಗ್ತೈತೆ. ಜೀವಮಾನದಾಗೆ ಆ ಪಟ್ಟಿ ಮುಟ್ಟಿಲ್ಲ ನಾನು.” ಟವೆಲ್ ಹೊದಿಸಿದ ಟಿವಿಯ ಕಡೆ ನೋಡಿ ಹೇಳಿದರು: “ಊಟಕ್ಕೆ ಕುಂತಾಗ ಹೇಳಾಕ್ ಬರಾಳು. ಇವತ್ತು ಹಿಂಗಾತು ಕೇಳ್ರಿ ಅನ್ನಾಳು. ನ್ಯೂಸ್ ಮುಗೀಲಿ ತಡಿಯೇ ಅಂತಿದ್ದೆ. ನ್ಯೂಸ್ ಯಾವತ್ತಾದ್ರೂ ಮುಗೀತದಾ? ನೀವೋಗ್ರಿ ಇಂದಮ್ಮ. ಬಂದು ನಂಗೆ ಹೇಳ್ರಿ.”

ಇಂದುಮತಿಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ತನ್ನ ಮೇಲೆಯೇ ಅಸಹ್ಯವಾಯಿತು. ಅವಳು ತಂದಿದ್ದ ಅರ್ಜಿಗೆ ಅವರು ಸಹಿ ಹಾಕಿದರು.

ಶುಕ್ರವಾರ ಮೂರು ಗಂಟೆಗೆ ನಿಯಂತ್ರಣ ಕೊಠಡಿಯ ಮೂಲೆಯ ಕುರ್ಚಿಯಲ್ಲಿ ಕೂತು ಅವಳು ಪಟ್ಟಿ ಕಟ್ಟಿಕೊಂಡಳು. ಜಬೀನಾ ಗಡಿಯಾರ ನೋಡುತ್ತ ಪಕ್ಕದಲ್ಲಿ ನಿಂತಳು. “ಇಪ್ಪತ್ತಕ್ಕೆ ಭುಜ ತಟ್ತೀನಿ ಮೇಡಂ.”

ಕಣ್ಣು ಬಿಟ್ಟರೆ ಒಂದು ಊರಿನ ಬಾಗಿಲು. ಬಯಲುಸೀಮೆಯ ಊರೇ, ಆದರೆ ಎಲ್ಲಿಯೂ ಇಲ್ಲದ್ದು. ಕಲ್ಲಿನ ಮನೆಗಳು, ತಿಳಿ ಹಳದಿ ಬಿಸಿಲು. ಮೊದಲು ಅವಳ ಗಮನಕ್ಕೆ ಬಂದದ್ದು ಸದ್ದು. ಹಿಟ್ಟಿನ ಗಿರಣಿ, ಬಾವಿಯ ರಾಟೆ, ಯಾರೋ ಬಟ್ಟೆ ಒಗೆಯುವುದು, ಒಂದು ಕೋಳಿ, ದೂರದಲ್ಲಿ ಕಬ್ಬಿಣ ಬಡಿಯುವುದು. ಒಂದೊಂದೂ ಈಗಷ್ಟೇ ಒರೆಸಿ ಇಟ್ಟ ಪಾತ್ರೆಯ ಹಾಗೆ ಸ್ಪಷ್ಟವಾಗಿತ್ತು. ಊರಬಾಗಿಲಿನ ಕಟ್ಟೆಯ ಮೇಲೆ ಒಬ್ಬ ಅಜ್ಜಿ ರಾಗಿ ಕೇರುತ್ತ ಕೂತಿದ್ದಳು.

“ನೀನು ಇಂದು ಅಲ್ವಾ?” ಎಂದಳು ಅಜ್ಜಿ. “ಬರ್ತೀಯ ಅಂತ ಅಂದಿದ್ಲು. ಬಾ, ಕೂತ್ಕ.”

ಇಂದುಮತಿ ಕೂತಳು. ಹೊತ್ತಿಲ್ಲವೆಂದು ಗೊತ್ತಿತ್ತು. “ಅಜ್ಜಿ, ಪಾಲಕ್ಕ ಇಲ್ಲಿ ಏನ್ ಮಾಡಿದ್ರು? ಬೇಗ ಹೇಳಿ.”

ಅಜ್ಜಿ ಮೊರ ಕೆಳಗಿಟ್ಟಳು. ಪಾಲಕ್ಕ ಬಂದಾಗ ಆ ಊರಿನಲ್ಲಿ ಸದ್ದೇ ಇರಲಿಲ್ಲವಂತೆ. ಗಿರಣಿ ತಿರುಗಿದರೂ ಸದ್ದಿಲ್ಲ, ಮಗು ಅತ್ತರೂ ಸದ್ದಿಲ್ಲ. ಒಂದೊಂದು ಸದ್ದು ಒಂದೊಂದು ಕಡೆ ಅಡಗಿ ಕೂತಿತ್ತು. ರಾಟೆಯದು ಕೆರೆಯ ತಳದಲ್ಲಿ, ಕೋಳಿಯದು ಕಳ್ಳಿಯ ಮೆಳೆಯಲ್ಲಿ. ಕಮ್ಮಾರನ ಸದ್ದಿಗಾಗಿ ಮೂರು ಗುಡ್ಡ ಹತ್ತಿ ಇಳಿದು, ಬಗಲ ಚೀಲದಲ್ಲಿ ತುಂಬಿಕೊಂಡು ಬಂದರಂತೆ. ತಂದವರು ಬಾಗಿಲು ಬಾಗಿಲಿಗೆ ನಿಂತು ‘ಯಾರ್ದಮ್ಮ ಇದು, ತಗಳ್ರಿ’ ಎಂದು ಹಂಚಿದರಂತೆ. ಅಜ್ಜಿ ಅದನ್ನು ಹೇಳಿ ಬಾಯಿ ತುಂಬ ನಕ್ಕಳು. ಇಂದುಮತಿಯೂ ನಕ್ಕಳು. ಪಾಲಕ್ಕನನ್ನು ಕಣ್ಣಾರೆ ಕಂಡ ಹಾಗಾಯಿತು.

“ಕೊನೆಗೆ ಒಂದು ಮನೆ ಉಳೀತು” ಎಂದಳು ಅಜ್ಜಿ. “ಓ ಅದು. ಒಳಗೆ ಒಬ್ಬ ಗಂಡಸು ಗೋಡೆ ಕಡೆ ಮುಖ ಮಾಡ್ಕಂಡು ಕುಂತಿದ್ದ. ಅವನ ಸದ್ದು ಊರೆಲ್ಲ ಹುಡುಕಿದ್ರೂ ಸಿಗ್ಲಿಲ್ಲ. ಇವಳು ಹೋಗಿ ಅವನ ಹಿಂದೆ ಕುಂತ್ಲು. ಬೆಳಿಗ್ಗೆಯಿಂದ ಏನೇನ್ ಮಾಡ್ದೆ ಅಂತ ಹೇಳಕ್ಕೆ ಹತ್ತಿದ್ಲು. ಒಂಬತ್ತು ದಿನ ಹೇಳಿದ್ಲು ಕಣವ್ವ. ಅವನು ತಿರುಗಲೂ ಇಲ್ಲ. ನಾನು ಬೈದೆ, ಬಿಟ್ಟು ಬಾರೆ ಅಂತ. ‘ಇಲ್ಲ ಕಣಜ್ಜಿ, ಲಾಸ್ಟ್ ಸ್ಟಾಪು, ಬಿಡಾಕಾಗಲ್ಲ’ ಅಂದ್ಲು.”

“ಆಮೇಲೆ?”

“ಹತ್ತನೇ ದಿನ ಕೆರೆ ತಳಕ್ಕೆ ಇಳಿದಿದ್ದು ಹೇಳ್ತಿದ್ಲು. ಉಸಿರು ಕಟ್ಟಿತ್ತು, ಹಿಂಗಾತು ಹಂಗಾತು ಅಂತ. ಆಗ ಅವನು ‘ಹೂಂ’ ಅಂದ.”

“ಅಷ್ಟೇನಾ?”

“ಅಷ್ಟೇ. ಈ ಊರಿಗೆ ಬೇಕಾಗಿದ್ದ ಕೊನೇ ಸದ್ದು ಅದೇ. ಮುಖ ತಿರುಗಿಸಲಿಲ್ಲ. ಕಥೆ ಹೇಳೋರಿಗೆ ಹೂಂಗುಟ್ತಾರಲ್ಲ, ಹಂಗೆ ಹೂಂ ಅಂದ. ಇವಳು ಹೊರಕ್ಕೆ ಬಂದು ಈ ಕಟ್ಟೆ ಮೇಲೆ ಕುಂತು ಅತ್ಲು ನೋಡು! ನಗ್ತಾ ನಗ್ತಾ ಅತ್ಲು.”

ಇಂದುಮತಿಯ ಹದಿನಾಲ್ಕು ತಿಂಗಳ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಅದನ್ನು ಎದೆಗೆ ಇಳಿಸಿಕೊಳ್ಳುತ್ತ ಕೂತಿದ್ದಾಗ, ಗಿರಣಿಯ ಸದ್ದು ಬದಲಾದದ್ದು ಅವಳಿಗೆ ತಡವಾಗಿ ಗೊತ್ತಾಯಿತು. ಅದು ಈಗ ಉಗ್ರಾಣದ ಫ್ಯಾನುಗಳ ಮೊರೆತವಾಗಿತ್ತು. ಒಗೆಯುವ ಸದ್ದಿನ ಜಾಗದಲ್ಲಿ ಹಾಸ್ಟೆಲ್ಲಿನ ತಟ್ಟೆಗಳ ಸದ್ದು. ಆಟ ವಾಲುತ್ತಿತ್ತು. ಅವಳು ಅಜ್ಜಿಯ ಕಡೆ ತಿರುಗಿದಳು. ಅಜ್ಜಿಯ ಹೆಬ್ಬೆರಳಿನ ತುದಿ ಟಿಕೆಟು ಹರಿದು ಹರಿದು ಗಟ್ಟಿಯಾದ ಹಾಗೆ ಕಂಡಿತು.

“ಏನೇ ಇಂದು, ಎಷ್ಟು ದಿನ ಆತೇ ನಿನ್ನ ನೋಡಿ!” ಅದು ಪಾಲಕ್ಕನ ದನಿ. “ನಂದು ಇರ್ಲಿ. ಒಂಬತ್ತು ಆಟ ಮುಗ್ಸಿದೀಯಂತೆ, ಒಂದನ್ನೂ ಹೇಳಿಲ್ಲ. ಹೇಳು ಮತ್ತೆ.”

ಅದು ಪಾಲಕ್ಕನಲ್ಲ. ಈ ಯಂತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದವಳಿಗೆ ಅಷ್ಟು ತಿಳಿಯದೆ? ತನ್ನದೇ ನಾಡಿ, ತನ್ನದೇ ಆಸೆ, ಅದಕ್ಕೆ ಆಟ ಒಂದು ಮುಖ ಕೊಟ್ಟಿದೆ. ಗೊತ್ತಿದ್ದೂ ಅವಳು ಹೇಳತೊಡಗಿ‌ದಳು. ಮೊದಲನೆಯ ಆಟದಲ್ಲಿ ಉಪ್ಪಿನ ಗೋಡೆಯ ಮನೆ ಇದ್ದದ್ದು, ಮಳೆ ಬಂದದ್ದು, ಒಂದು ಗೋಡೆ ಉಳಿಸಿಕೊಳ್ಳಲು ಸೀರೆ ಹೊದಿಸಿದ್ದು.

“ತಡಿ ತಡಿ. ಯಾವ ಗೋಡೆ? ನಾಕು ಗೋಡೆ ಇದ್ದಾವಲ್ಲ. ಆಗ ನೀನೇನ್ ಮಾಡ್ದೆ?”

ಇಂದುಮತಿಯ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯಿತು. ಹದಿನಾಲ್ಕು ತಿಂಗಳಿಂದ ಒಬ್ಬರೂ ಇದನ್ನು ಕೇಳಿರಲಿಲ್ಲ. ಅವಳು ಹೇಳಿದಳು, ಮತ್ತೆ ಹೇಳಿದಳು. ಆ ಮುಖ ಎಲ್ಲಿ ನಗಬೇಕೋ ಅಲ್ಲಿ ನಕ್ಕಿತು, ಎಲ್ಲಿ ‘ಅಯ್ಯೋ’ ಎನ್ನಬೇಕೋ ಅಲ್ಲಿ ಎಂದಿತು. ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ. ತಪ್ಪದೇ ಇದ್ದದ್ದರಿಂದಲೇ ಅವಳ ಮಾತು ನಿಧಾನವಾಯಿತು. ನಿಜವಾದ ಪಾಲಕ್ಕ ಎಷ್ಟು ಸಲ ಅಡ್ಡದಾರಿ ಹಿಡಿಯುತ್ತಿದ್ದರು, ಬಜ್ಜಿಗೆ ಉಪ್ಪು ಸಾಲದೆಂದು ನಡುವೆ ಎದ್ದುಹೋಗುತ್ತಿದ್ದರು, ‘ಇದ್ಯಾಕೋ ಸಪ್ಪೆ ಆಟ ಕಣೇ’ ಎಂದು ಮುಖದ ಮೇಲೇ ಹೇಳುತ್ತಿದ್ದರು. ಈ ಕಟ್ಟೆಯ ಮೇಲೆ ಕೇಳುತ್ತಿರುವವಳೂ ತಾನೇ, ಹೇಳುತ್ತಿರುವವಳೂ ತಾನೇ. ಪಾಲಕ್ಕನ ಊರು ಎಲ್ಲಿ ಹೋಯಿತೆಂದು ತಿರುಗಿ ನೋಡಿದಳು. ಆ ಗಂಡಸಿನ ಮನೆ ಇರಲಿಲ್ಲ. ಅಲ್ಲಿ ಉಪ್ಪಿನ ಗೋಡೆಯೊಂದು ಬಿಸಿಲಿಗೆ ಹೊಳೆಯುತ್ತಿತ್ತು.

ಹೊರಗಿನಿಂದ ಜಬೀನಾಳ ಕೈ ಭುಜಕ್ಕೆ ತಾಗಿತು. ಮೂರು ಇಪ್ಪತ್ತು.

ನಾಲ್ಕಕ್ಕೆ ಅಳಿಸುವ ಪಟ್ಟಿಯಿಂದ ಒಂದು ಸಂಖ್ಯೆಯನ್ನು ತೆಗೆದಿಡುವುದು ಅವಳಿಗೆ ಒಂದು ಬೆರಳಿನ ಕೆಲಸವಾಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಟ ಈಗ ಪಾಲಕ್ಕನದಲ್ಲ, ಅವಳದೇ. ಪ್ರತಿ ಭಾನುವಾರ ಹನ್ನೊಂದಕ್ಕೆ ಈ ಕಟ್ಟೆ, ಈ ಮುಖ. ಅವಳ ಒಂಬತ್ತು ಆಟಗಳಿಗೂ ಮುಂದಿನ ತೊಂಬತ್ತಕ್ಕೂ ಕಿವಿ.

“ಹೊರಟ್ಯಾ?” ಎಂದಿತು ಆ ದನಿ. “ಬರ್ತೀನಿ ಅನ್ನೇ.”

ಇಂದುಮತಿ ಎದ್ದು ನಿಂತಳು. ಹುಟ್ಟಿದಾಗಿನಿಂದ ಯಾರ ಮನೆಯ ಹೊಸ್ತಿಲಲ್ಲೂ ಆಡಿರದ ಮಾತು ನಾಲಿಗೆಯ ಮೇಲೆ ಭಾರವಾಗಿತ್ತು.

“ಹೋಗ್ತೀನಿ” ಎಂದಳು.

ಕಟ್ಟೆ, ಮೊರ, ಆ ಹೆಬ್ಬೆರಳು, ಎಲ್ಲವೂ ಒಮ್ಮೆಗೇ ಇಲ್ಲವಾಯಿತು. ಕೊಠಡಿಯಲ್ಲಿ ಫ್ಯಾನುಗಳು ಮೊರೆಯುತ್ತಿದ್ದವು. ಜಬೀನಾ ನೀರಿನ ಬಾಟಲಿ ಹಿಡಿದುಕೊಂಡು ಅವಳ ಮುಖ ನೋಡಿದಳು, ಏನೂ ಕೇಳಲಿಲ್ಲ. ನಾಲ್ಕು ಗಂಟೆಗೆ ಪರದೆಯ ಮೇಲಿನ ಸಾಲುಗಳು ಒಂದೊಂದಾಗಿ ಆರಿದವು. ಅದಕ್ಕೆ ಹನ್ನೊಂದು ನಿಮಿಷ ಹಿಡಿಯಿತು.

ಭಾನುವಾರ ಬೆಳಿಗ್ಗೆ ಇಂದುಮತಿ ಹೋದಾಗ ಬೋರಯ್ಯ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕಾಯುತ್ತಿದ್ದರು. ಗಡ್ಡ ಬೋಳಿಸಿ ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು. ಅವಳು ಊರಿನ ಸದ್ದಿಲ್ಲದ ಗಿರಣಿಯಿಂದ ಶುರುಮಾಡಿದಳು. ಮೂರು ಗುಡ್ಡ ಹೇಳಿದಳು, ಬಗಲ ಚೀಲ ಹೇಳಿದಳು. “ಯಾರ್ದಮ್ಮ ಇದು, ತಗಳ್ರಿ” ಎಂದಲ್ಲಿ ಅವರು ತೊಡೆ ತಟ್ಟಿಕೊಂಡು ನಕ್ಕರು. “ಹಂಗೇ ಅನ್ನಾಳು! ಯಾರಾರ ಬಸ್ನಾಗೆ ಚೀಲ ಬಿಟ್ರೆ ಹಂಗೇ ಅನ್ನಾಳು!”

ಕೊನೆಯ ಮನೆ ಬಂತು. ಅದನ್ನು ಹೇಗೆ ಹೇಳುವುದೆಂದು ಅವಳು ಎರಡು ರಾತ್ರಿ ಯೋಚಿಸಿದ್ದಳು. ಮುಚ್ಚಿಡದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗೋಡೆಯ ಕಡೆ ಮುಖ, ಒಂಬತ್ತು ದಿನ, ಹತ್ತನೆಯ ದಿನದ ಹೂಂ.

ಬೋರಯ್ಯ ಬೀದಿಯ ಕಡೆ ಮುಖ ತಿರುಗಿಸಿದರು.

“ಒಂದು ಹೂಂಗೆ ಅಷ್ಟು ಖುಷಿಪಟ್ಲಾ?” ಎಂದರು.

“ಹೌದು ಬೋರಣ್ಣ.”

“ಆಮೇಲೆ?”

ಆಮೇಲಿನದು ಪಾಲಕ್ಕನದಾಗಿರಲಿಲ್ಲ. “ಆಮೇಲೆ ಏನಿಲ್ಲ. ಆಟ ಅಲ್ಲಿಗೇ ಮುಗೀತು” ಎಂದಳು ಇಂದುಮತಿ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಇಂದಮ್ಮ, ತಪ್ಪು ತಿಳೀಬ್ಯಾಡ್ರಿ. ಮುಂದಿನ ಭಾನುವಾರ ಬಂದು ಇನ್ನೊಂದ್ಸಲ ಹೇಳ್ತೀರಾ? ಆ ಕೆರೆಗೆ ಇಳಿದಿದ್ದು ನಂಗೆ ಸರಿಯಾಗಿ ತಿಳೀಲಿಲ್ಲ.”

“ಹೇಳ್ತೀನಿ.”

“ಅದ್ರ ಮುಂದಿನ ವಾರನೂ ಬರ್ರಿ. ನಾನು ಮರೀತೀನಿ, ವಯಸ್ಸಾತು.”

“ಬಂದು ಹೇಳ್ತೀನಿ ಬೋರಣ್ಣ.”

ಅವರಿಗೆ ತೃಪ್ತಿಯಾಯಿತು. ಕಣ್ಣು ಮುಚ್ಚಿ ಗೋಡೆಗೆ ಒರಗಿದರು, ಕೇಳಿದ್ದನ್ನೆಲ್ಲ ಒಳಗೇ ಮತ್ತೆ ನಡೆಸಿಕೊಳ್ಳುವವರಂತೆ ತುಟಿ ಅಲ್ಲಾಡುತ್ತಿತ್ತು. ಇಂದುಮತಿ ಕೂಡಲೇ ಏಳಲಿಲ್ಲ. ನೀವೂ ಆಡ್ತೀರಲ್ಲ, ನಿಮ್ಮದೇನಾದರೂ ಮುಗೀತಾ ಎಂದು ಅವರು ಈಗ ಕೇಳಬಹುದು ಎಂದುಕೊಂಡು ಸ್ವಲ್ಪ ಹೊತ್ತು ಕಾದಳು. ಅವರು ಕೇಳಲಿಲ್ಲ.